ಪರಿಗ್ರಹವಿಲ್ಲದ ಗ್ರಹಣ

ಛಾಯಾಗ್ರಹಣ ಎಂಬ ಪದದ ಉತ್ತರಾರ್ಧ ಕುತೂಹಲಕರವಾದುದು. ಗ್ರಹಣವೆಂದರೆ ಹಿಡಿಯುವುದು, ಗ್ರಹಣವೆಂದರೆ ಅರಿಯುವುದು, ಸೂರ್ಯಚಂದ್ರರು ಮರೆಯಾಗುವುದೂ ಗ್ರಹಣವೇ. ಆಡುಮಾತಿನಲ್ಲಿಯೂ ಜನ ಫೋಟೊ ‘ತೆಗೆಯುತ್ತಾರೆ’, ಫೋಟೊ ‘ಹಿಡಿಯುತ್ತಾರೆ’. ಸಂಗ್ರಹ, ಪರಿಗ್ರಹ ಎಂಬ ಪದಗಳೂ ಅದೇ ಧಾತುವಿನಿಂದ ಹುಟ್ಟಿದವು. ಕ್ಯಾಮೆರಾ ಕೈಗೆ ಬಂದವನು ಇವುಗಳಲ್ಲಿ ಯಾವ ಅರ್ಥದ ಕಡೆಗೆ ವಾಲುತ್ತಾನೋ ಅದರಂತೆ ಆ ಯಂತ್ರ ಅವನ ಮನಸ್ಸನ್ನು ತಿಳಿಗೊಳಿಸುತ್ತದೆ ಅಥವಾ ಕದಡುತ್ತದೆ. ಇದಕ್ಕೆ ಸ್ಪಷ್ಟ ನಿದರ್ಶನವಾಗಿ ನಿಲ್ಲುವುದು ಅಮೆರಿಕದ ಕೆಂಟಕಿ ಪ್ರಾಂತ್ಯದ ಗೆತ್ಸೆಮನಿ ಮಠದ ಕ್ರೈಸ್ತ ಸಂನ್ಯಾಸಿ, ಲೇಖಕ ಥಾಮಸ್ ಮರ್ಟನ್ (1915–1968) ಅವರ ಕೊನೆಯ ವರ್ಷಗಳು.

ಮರ್ಟನ್ ಚಿತ್ರಕಾರ ದಂಪತಿಗಳ ಮಗ. ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ ಹದಿನಾರನೆಯ ವಯಸ್ಸು ತುಂಬುವ ಹೊತ್ತಿಗೆ ತಂದೆಯನ್ನೂ ಕಳೆದುಕೊಂಡವರು. 1941ರ ಡಿಸೆಂಬರ್ 10ರಂದು ಅವರು ಮೌನಕ್ಕೆ ಹೆಸರಾದ ಟ್ರ್ಯಾಪಿಸ್ಟ್ ಪಂಥದ ಆ ಮಠವನ್ನು ಸೇರಿದರು. ಆದರೆ ಮೌನವನ್ನು ಅರಸಿ ಹೋದವರನ್ನು ಮಾತು ಬಿಡಲಿಲ್ಲ. 1948ರಲ್ಲಿ ಪ್ರಕಟವಾದ ಆತ್ಮಕಥೆ ‘ದಿ ಸೆವೆನ್ ಸ್ಟೋರಿ ಮೌಂಟನ್’ ಅಪಾರ ಓದುಗರನ್ನು ಪಡೆಯಿತು. ಗ್ರಂಥಗಳು ಒಂದರ ಮೇಲೊಂದು ಬಂದವು, ಪತ್ರಗಳು ರಾಶಿಬಿದ್ದವು, ಸಂದರ್ಶಕರು ಹುಡುಕಿಕೊಂಡು ಬಂದರು. 1962ರಲ್ಲಿ, ಯುದ್ಧ ಮತ್ತು ಶಾಂತಿಯ ವಿಷಯವಾಗಿ ಏನನ್ನೂ ಪ್ರಕಟಿಸಕೂಡದೆಂದು ಪಂಥದ ಹಿರಿಯರಿಂದ ಆದೇಶವೂ ಬಂತು. ಮಾತೇ ಕೀರ್ತಿಯಾಗಿ, ಮಾತೇ ಬಂಧನವೂ ಆಗಿದ್ದ ಈ ಲೇಖಕ 1965ರಲ್ಲಿ ಮಠದ ಸಮೀಪದ ಕಾಡಿನಲ್ಲಿದ್ದ ಪುಟ್ಟ ಕುಟೀರಕ್ಕೆ ಹೋಗಿ ಒಂಟಿಯಾಗಿ ನೆಲೆಸಿದರು. ಅಕ್ಷರದ ಹಂಗಿಲ್ಲದ ಒಂದು ಕೆಲಸ ಅವರಿಗೆ ಅಲ್ಲಿ ಬೇಕಾಗಿತ್ತು. ಮಸಿಯ ಕುಂಚದಿಂದ ಗೆರೆಗಳನ್ನು ಎಳೆದರು. ಅನಂತರ ಕ್ಯಾಮೆರಾವನ್ನು ಕೈಗೆತ್ತಿಕೊಂಡರು.

ಆ ಕ್ಯಾಮೆರಾ ಅವರದಾಗಿರಲಿಲ್ಲ. ಬಡತನದ ವ್ರತ ತೊಟ್ಟ ಸಂನ್ಯಾಸಿಗೆ ಸ್ವಂತದ್ದೆಂಬ ವಸ್ತುವಿಲ್ಲವಷ್ಟೆ. ಗೆಳೆಯ ಜಾನ್ ಹೋವರ್ಡ್ ಗ್ರಿಫಿನ್ ಅದನ್ನು ಎರವಲಾಗಿ ಕೊಟ್ಟಿದ್ದರು. ಈ ಗ್ರಿಫಿನ್ ಸಾಮಾನ್ಯರಲ್ಲ. ತಮ್ಮ ಬಿಳಿಯ ಚರ್ಮವನ್ನು ಕಪ್ಪಾಗಿಸಿಕೊಂಡು ಅಮೆರಿಕದ ದಕ್ಷಿಣ ಪ್ರಾಂತ್ಯಗಳಲ್ಲಿ ಅಲೆದು, ಕರಿಯರು ದಿನವೂ ಉಣ್ಣುತ್ತಿದ್ದ ಅವಮಾನವನ್ನು ‘ಬ್ಲ್ಯಾಕ್ ಲೈಕ್ ಮಿ’ (1961) ಎಂಬ ಕೃತಿಯಲ್ಲಿ ದಾಖಲಿಸಿದವರು. ಅದಕ್ಕೂ ಮೊದಲು, ಮಹಾಯುದ್ಧದಲ್ಲಾದ ಗಾಯದಿಂದ ಸುಮಾರು ಹತ್ತು ವರ್ಷ ಪೂರ್ಣ ಕುರುಡರಾಗಿದ್ದು, 1957ರಲ್ಲಿ ದೃಷ್ಟಿಯನ್ನು ಮರಳಿ ಪಡೆದಿದ್ದರು. ನೋಟದ ಬೆಲೆಯನ್ನು ಕತ್ತಲೆಯಲ್ಲಿ ಕಲಿತವರು, ಮಾತಿನಿಂದ ದಣಿದವರಿಗೆ ಕೊಟ್ಟ ಎರವಲು ಕಣ್ಣು ಅದು.

ಮರ್ಟನ್ ಆ ಕಣ್ಣಿನಿಂದ ನೋಡಿದ್ದು ಯಾರೂ ನಿಂತು ನೋಡದ ವಸ್ತುಗಳನ್ನು: ಮರದ ಬೇರು, ಹಳೆಯ ಕುರ್ಚಿ, ಸುಣ್ಣ ಕಳಚಿದ ಗೋಡೆ, ಕೊಟ್ಟಿಗೆಯ ಹಲಗೆಗಳ ಮೇಲೆ ಬಿದ್ದ ಬಿಸಿಲು, ಕಲ್ಲು, ಹುಲ್ಲು. ಆಕಾಶದ ಹಿನ್ನೆಲೆಯಲ್ಲಿ ತೂಗುತ್ತಿದ್ದ ಒಂದು ಕಬ್ಬಿಣದ ಕೊಕ್ಕೆಯ ಚಿತ್ರವನ್ನು, ದೇವರದೆಂದು ತಿಳಿದುಬಂದಿರುವ ಏಕೈಕ ಛಾಯಾಚಿತ್ರವೆಂದು ಅವರು ವಿನೋದವಾಗಿ ಕರೆದರು. ಫಿಲ್ಮ್ ಸುರುಳಿಗಳನ್ನು ಸಂಸ್ಕರಿಸುತ್ತಿದ್ದವರು ಗ್ರಿಫಿನ್. ಸಣ್ಣ ಅಚ್ಚುಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಕಳುಹಿಸಿದರೆ, ಮರ್ಟನ್ ತಮಗೆ ಬೇಕಾದುವನ್ನು ಗುರುತು ಮಾಡಿ ಹಿಂತಿರುಗಿಸುತ್ತಿದ್ದರು. ಗ್ರಿಫಿನ್ನರಿಗೆ ಉತ್ತಮವೆನಿಸಿದ ಚಿತ್ರಗಳನ್ನು ಅವರು ಎಷ್ಟೋ ಸಲ ಬಿಟ್ಟೇಬಿಡುತ್ತಿದ್ದರು. ಗಮನಕ್ಕೇ ಬಾರದಿದ್ದುವನ್ನು ಆರಿಸುತ್ತಿದ್ದರು. ಚೆಲುವಿನ ರೂಢಿಯ ಅಳತೆಗೋಲು ಅಲ್ಲಿ ನಡೆಯುತ್ತಿರಲಿಲ್ಲ. ವಸ್ತು ತಾನಿರುವಂತೆಯೇ ಇದ್ದ ಗಳಿಗೆ ಅವರಿಗೆ ಮುಖ್ಯವಾಗಿತ್ತು. ಬೇರಿಗೆ ಸಂಕೇತದ ಹೊರೆಯಿಲ್ಲ, ಕುರ್ಚಿಗೆ ಉಪದೇಶದ ಹಂಗಿಲ್ಲ. ನೋಡುವವನು ಸುಮ್ಮನಾದಾಗ ನೋಟವೂ ಸುಮ್ಮನಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ಕ್ಯಾಮೆರಾದ ಪ್ರಶಂಸೆಯಾಗುತ್ತಿತ್ತು. ಆದರೆ ಮರ್ಟನ್ ಅದರ ಮಿತಿಯನ್ನೂ ಕಂಡರು; ಕಂಡದ್ದು ಭಾರತದ ನೆಲದಲ್ಲಿ. 1968ರಲ್ಲಿ ಏಷ್ಯಾ ಪ್ರವಾಸಕ್ಕೆ ಬಂದ ಅವರು ಧರ್ಮಶಾಲೆಯಲ್ಲಿ ದಲಾಯಿ ಲಾಮಾ ಅವರನ್ನು ಭೇಟಿಯಾಗಿ, ನವೆಂಬರಿನಲ್ಲಿ ಡಾರ್ಜಿಲಿಂಗಿನ ಸಮೀಪದ ಚಹಾ ತೋಟವೊಂದರಲ್ಲಿ ಕೆಲದಿನ ತಂಗಿದರು. ನೆಗಡಿಯಿಂದ ಬಳಲುತ್ತಿದ್ದ ಅವರೆದುರಿಗೆ ಕಾಂಚನಜುಂಗಾ ನಿಂತಿತ್ತು. ಮತ್ತೆ ಮತ್ತೆ ಅದರ ಚಿತ್ರ ತೆಗೆದರು. ತೆಗೆದಷ್ಟೂ ಅದರ ಪೋಸ್ಟ್‌ಕಾರ್ಡಿನ ಚೆಲುವಿನ ಮೇಲೆ ಮುನಿಸು ಬೆಳೆಯಿತು. ಒಂದು ರಾತ್ರಿ ಶುಭ್ರ ಧವಳವಾದ ಆ ಪರ್ವತ ಕನಸಿನಲ್ಲಿ ಕಾಣಿಸಿ, ಅದಕ್ಕೆ ಇನ್ನೊಂದು ಮಗ್ಗುಲಿದೆಯೆಂಬ ಅರಿವನ್ನು ಮೂಡಿಸಿತು. ಯಾರ ಕ್ಯಾಮೆರಾಕ್ಕೂ ಸಿಕ್ಕದ ಆ ಮಗ್ಗುಲೇ ನೋಡತಕ್ಕದ್ದೆಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಮರುದಿನ ಇನ್ನೂ ಮೂರು ಚಿತ್ರಗಳನ್ನು ತೆಗೆದು, ಇದೇನು ಪರ್ವತದೊಡನೆ ರಾಜಿಯೇ ಎಂದು ತಮ್ಮನ್ನೇ ಕೇಳಿಕೊಂಡರು. ಕ್ಯಾಮೆರಾ ಮನುಷ್ಯನನ್ನು ಯಾವುದರೊಡನೆಯೂ ರಾಜಿಮಾಡಿಸಲಾರದು, ತಾನು ಏನನ್ನು ಹಿಡಿಯುತ್ತಿದ್ದೇನೆಂದೂ ಅದಕ್ಕೆ ತಿಳಿಯದು ಎಂಬುದು ಅವರು ಕೊಟ್ಟುಕೊಂಡ ಉತ್ತರ.

ಗೆತ್ಸೆಮನಿಯ ಬೇರು ಕೊಟ್ಟ ನೆಮ್ಮದಿಯನ್ನು ಕಾಂಚನಜುಂಗಾ ಏಕೆ ಕೊಡಲಿಲ್ಲ? ಬೇರಿನಿಂದ ಅವರು ಏನನ್ನೂ ಬಯಸಿರಲಿಲ್ಲ, ಪರ್ವತದಿಂದ ಬಯಸಿದ್ದರು. ಯಂತ್ರ ಅದೇ, ಕಣ್ಣೂ ಅದೇ. ಬಯಕೆ ನುಸುಳಿದೊಡನೆ ಗ್ರಹಣ ಪರಿಗ್ರಹವಾಯಿತು, ಮನಸ್ಸು ಕದಡಿತು. ಆ ಕದಡುವಿಕೆಯನ್ನು ಮರೆಮಾಚದೆ ದಿನಚರಿಗೆ ಇಳಿಸಿದ್ದರಲ್ಲಿ ಅವರ ಸಾಧನೆಯ ಪ್ರಾಮಾಣಿಕತೆಯಿದೆ.

ಕೆಲದಿನಗಳ ಬಳಿಕ ಅವರು ಶ್ರೀಲಂಕೆಯ ಪೊಲೊನ್ನರುವಕ್ಕೆ ಹೋದರು. ಬಂಡೆಯಲ್ಲಿ ಕಡೆದ ಬೃಹತ್ ಬುದ್ಧಮೂರ್ತಿಗಳ ಬಳಿಗೆ ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದರು. ಅಲ್ಲಿಯೂ ಚಿತ್ರಗಳನ್ನು ತೆಗೆದರು. ಆದರೆ ಆ ಮುಖಗಳ ಮುಂದೆ, ತಾವು ಅಸ್ಪಷ್ಟವಾಗಿ ಅರಸುತ್ತಿದ್ದುದು ದೊರೆಯಿತೆಂಬ ಭಾವ ಅವರಿಗೆ ಉಂಟಾದದ್ದು ಕೇವಲ ನೋಡುತ್ತ ನಿಂತಾಗ. ಅದೇ ಡಿಸೆಂಬರ್ 10ರಂದು, ಮಠವನ್ನು ಸೇರಿ ಸರಿಯಾಗಿ ಇಪ್ಪತ್ತೇಳು ವರ್ಷಗಳಾದ ದಿನ, ಬ್ಯಾಂಕಾಕಿನ ಸಮೀಪ ಅವರು ಅನಿರೀಕ್ಷಿತವಾಗಿ ತೀರಿಕೊಂಡರು. ಅವರ ಚಿತ್ರಗಳನ್ನು ಗ್ರಿಫಿನ್ 1970ರಲ್ಲಿ ‘ಎ ಹಿಡನ್ ಹೋಲ್‌ನೆಸ್’ ಎಂಬ ಗ್ರಂಥವಾಗಿ ಹೊರತಂದರು. ಅದರ ಪುಟಗಳಲ್ಲಿ ಬೇರುಗಳೂ ಕುರ್ಚಿಗಳೂ ಇಂದಿಗೂ ಇವೆ, ಯಾರ ಸೊತ್ತೂ ಆಗದೆ.