ಕಪಾಟಿನೊಳಗಿನ ಕೆರೆ

ಗುಡವಿ ಕೆರೆಗೆ ಬಂದವರೆಲ್ಲ ಕತ್ತೆತ್ತಿಯೇ ನೋಡುತ್ತಾರೆ. ಮಳೆ ಹಿಡಿದ ಮೇಲೆ ನೀರಲ್ಲಿ ನಿಂತ ಮರಗಳ ತುಂಬ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆಗಳ ಬಾಣಂತನ ನಡೆದಿರುವಾಗ ಕೆಳಗೆ ನೋಡಿ ಅಂದರೆ ಯಾರು ಕೇಳುತ್ತಾರೆ? ಆದರೆ ಅಷ್ಟೂ ಸಂಸಾರಗಳ ಹಿಕ್ಕೆ ಬೀಳುವುದು ನೀರಿಗೇ. ಅದನ್ನುಂಡು ಪಾಚಿ, ಜೊಂಡು ಬೆಳೆಯುತ್ತವೆ. ಪಾಚಿಯ ಸಂದಿಯಲ್ಲಿ ಹುಳುಹುಪ್ಪಟೆ, ಅವನ್ನು ನೆಚ್ಚಿಕೊಂಡು ಮರಿಮೀನು. ಮೇಲಿನವರ ವೈಭವಕ್ಕೆ ಕೆಳಮನೆಯವರ ದುಡಿಮೆ.

ಸೊರಬ ಸೀಮೆಯಲ್ಲಿ ಕೂತು ಹಜಾರದಲ್ಲಿ ಕಡಲು ಸಾಕುವ ಹುಚ್ಚು ಹತ್ತಿದ್ದರಿಂದ ನನಗೆ ಈ ಕೆಳಮನೆಯ ಮೇಲೆ ಕಣ್ಣು. "ಬಾವಿ ತುಂಬ ಸಿಹಿನೀರಿದೆ, ಅದಕ್ಕೆ ಉಪ್ಪು ಹಾಕಿ ಕೆಡಿಸ್ತೀಯಲ್ಲ ಮಾರಾಯ" ಎಂದರು ದೊಡ್ಡಪ್ಪ. ಅಡುಗೆ ಉಪ್ಪಲ್ಲ ದೊಡ್ಡಪ್ಪ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಕೂಡಿಸಿದ ಕಡಲುಪ್ಪಿನ ಪುಡಿ, ಲೀಟರಿಗೆ ಸುಮಾರು 35 ಗ್ರಾಂ ಎಂದೆ. ಬೆಲೆ ಹೇಳಲಿಲ್ಲ.

ಮೇಲಿನ ಗಾಜಿನ ತೊಟ್ಟಿಯಲ್ಲಿ ಒಂದು ಜೊತೆ ಕ್ಲೌನ್ ಮೀನು, ಒಣಕಲ್ಲು. ಜೀವಂತ ಹವಳ ಇಡುವಂತಿಲ್ಲ; ಹವಳ, ಕಡಲಕುದುರೆ ಎರಡನ್ನೂ 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಪರಿಶಿಷ್ಟಕ್ಕೆ ಸೇರಿಸಿದ್ದಾರೆ. ಸೇರಿಸಿದ್ದು ಒಳ್ಳೆಯದೇ. ಬಂದವರು ಮೀನು ನೋಡಿ ಹೊಗಳಿ ಕಾಫಿ ಕುಡಿದು ಹೋಗುತ್ತಾರೆ. ನಾನು ಕೂರುವುದು ಮಾತ್ರ ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲು ತೆಗೆದು, ನೆಲದ ಮೇಲೆ. ಅಲ್ಲಿದೆ ರೆಫ್ಯೂಜಿಯಂ.

ದೊಡ್ಡ ಯಂತ್ರವೇನಲ್ಲ. ಮೇಲಿನಿಂದ ತುಳುಕಿ ಇಳಿದ ನೀರು ಕೆಳತೊಟ್ಟಿಯಲ್ಲಿ ನೊರೆ ತೆಗೆಯುವ ಸ್ಕಿಮ್ಮರ್ ದಾಟಿ, ಎರಡು ಗಾಜಿನ ತಡೆಗಳ ನಡುವಿನ ಕೋಣೆಯಲ್ಲಿ ನಿಧಾನವಾಗಿ ಸುಳಿದಾಡಿ, ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಆ ಕೋಣೆಯಲ್ಲಿ ಮರಳು, ನಾಲ್ಕು ಕಲ್ಲು, ಕೀಟೋಮಾರ್ಫಾ ಎಂಬ ಪಾಚಿಯ ಉಂಡೆ. ನೋಡಲು ಪಾತ್ರೆ ತಿಕ್ಕುವ ಹಸಿರು ನಾರಿನ ಹಾಗೇ. ಮೀನಿನ ಹೊಲಸಿನಿಂದ ಹುಟ್ಟಿದ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಅಲ್ಲಿಂದ ಮುಂದಕ್ಕೆ ಈ ಪಾಚಿಯ ಪಾಲು. ನೈಟ್ರೇಟ್, ಫಾಸ್ಫೇಟ್ ತಿಂದು ಉಂಡೆ ಉಬ್ಬುತ್ತದೆ, ನಾವು ಒಂದೊಂದು ಹಿಡಿ ಕಿತ್ತು ಹೊರಗೆ ಹಾಕಿದರೆ ಕೊಳೆಯೂ ಅದರ ಜೊತೆ ಆಚೆ ಹೋಯಿತು.

ದೀಪದ ಲೆಕ್ಕ ಇನ್ನೂ ಸೊಗಸು. ಮೇಲಿನ ತೊಟ್ಟಿಯ ದೀಪ ಆರಿದ ಮೇಲೆ ಕಪಾಟಿನ ದೀಪ ಹತ್ತಬೇಕು. ಕತ್ತಲಲ್ಲಿ ಎಲ್ಲ ಜೀವಿಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಏರಿ ನೀರಿನ ಪಿಎಚ್ ಇಳಿಯುವ ಹೊತ್ತಿಗೆ ಕೆಳಗಿನ ಪಾಚಿ ಅದನ್ನು ಹೀರಿಕೊಳ್ಳುತ್ತಿರುತ್ತದೆ. ರಾತ್ರಿ ಪಾಳಿ. ನಮ್ಮ ಮಳೆಗಾಲದಲ್ಲಿ ಕರೆಂಟೂ ಹೆಚ್ಚಾಗಿ ಅದೇ ಹೊತ್ತಿಗೆ ಹೋಗುವುದು. ಪಂಪು ನಿಂತರೆ ಮೇಲಿನ ನೀರು ಒಂದಷ್ಟು ಕೆಳಗೆ ಇಳಿದೇ ಇಳಿಯುತ್ತದೆ, ಅದಕ್ಕೆ ಕೆಳತೊಟ್ಟಿಯಲ್ಲಿ ಜಾಗ ಖಾಲಿ ಬಿಟ್ಟಿರಬೇಕು. ಇಲ್ಲದಿದ್ದರೆ ಹಜಾರವೇ ಕಡಲು.

ಟಾರ್ಚ್ ಹಿಡಿದು ಗಾಜಿಗೆ ಮೂಗು ತಾಗಿಸಿದರೆ ಬಿಳಿ ಚುಕ್ಕಿಗಳು ಚಕ್ಕನೆ ನೆಗೆಯುತ್ತವೆ. ಕೋಪೆಪಾಡ್‌ಗಳು, ಹೆಚ್ಚೆಂದರೆ ಮಿಲಿಮೀಟರಿನಷ್ಟು. ಕೆಲವು ಬಾಲದ ಬುಡದಲ್ಲಿ ಮೊಟ್ಟೆಯ ಚೀಲ ಹೊತ್ತಿರುತ್ತವೆ. ಮೀನಿನ ಬಾಯಿ ತಾಗದ ಕಾರಣ ಇಲ್ಲಿ ಇವುಗಳ ಸಂತಾನ ಹೆಚ್ಚಿ, ಮಿಕ್ಕವು ಪಂಪು ಹತ್ತಿ ಮೇಲೆ ಹೋಗಿ ಆಹಾರವಾಗುತ್ತವೆ. ಮಗಳಿಗೆ ಮ್ಯಾಂಡರಿನ್ ಮೀನು ಬೇಕಂತೆ. ಅದರ ನೀಲಿ-ಕಿತ್ತಳೆ ಬಣ್ಣಕ್ಕೆ ಮರುಳಾಗದವರಿಲ್ಲ. ಆದರೆ ದಿನವಿಡೀ ಈ ಹುಳಗಳನ್ನೇ ಹೆಕ್ಕಿ ತಿನ್ನುವ ಮೀನದು. ಒಣ ಆಹಾರಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹೊಸ ತೊಟ್ಟಿಗೆ ತಂದು ಹಸಿವಿಂದ ಕೊಲ್ಲುವವರೇ ಹೆಚ್ಚು. ಕಾಯಿ ಮಗಳೇ ಎಂದಿದ್ದೇನೆ.

ಕಾಲರ್ಪಾ ಎಂಬ ಇನ್ನೊಂದು ಪಾಚಿ ನೋಡಲು ಇದಕ್ಕಿಂತ ಚಂದ, ಎಲೆ ಎಲೆಯಾಗಿ ಹಬ್ಬುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಒಮ್ಮೊಮ್ಮೆ ಒಂದೇ ರಾತ್ರಿಯಲ್ಲಿ ಒಳಗಿನದನ್ನೆಲ್ಲ ನೀರಿಗೆ ಕಕ್ಕಿ ಬೆಳ್ಳಗಾಗಿಬಿಡುತ್ತದೆ. 1984ರಲ್ಲಿ ಮೊನಾಕೊದ ಕಡಲ ಮ್ಯೂಸಿಯಂನ ಬುಡದಲ್ಲಿ ಅದರ ಒಂದು ತಳಿ ಕಾಣಿಸಿಕೊಂಡು, ಮೆಡಿಟರೇನಿಯನ್ ತೀರಗಳಿಗೆ ಹಬ್ಬಿದ ಕಥೆ ಬೇರೆ ಇದೆ. ಅಲಂಕಾರಕ್ಕೆ ಸಾಕಿದ್ದನ್ನು ಹೊಳೆ ಕೆರೆಗೆ ಬಿಡುವ ಅಭ್ಯಾಸವಿದ್ದವರು ಅದನ್ನೊಮ್ಮೆ ಕೇಳಿಕೊಳ್ಳಬೇಕು.

ಕಿತ್ತ ಪಾಚಿಯನ್ನು ಕಂಡು ದೊಡ್ಡಪ್ಪನಿಗೆ ಆಸೆ. ಅಡಿಕೆಮರದ ಬುಡಕ್ಕೆ ಕೊಡು ಎಂದರು. ಉಪ್ಪಿದೆ, ಬೇರು ಸುಟ್ಟೀತು, ತೊಳೆದು ಕೊಡ್ತೇನೆ ಎಂದೆ. "ತೊಳೆದರೆ ಸಾರ ಹೋಗಲ್ವನ?" ಸಾರ ಇರುವುದು ಪಾಚಿಯ ಒಳಗೆ, ಉಪ್ಪು ಮೈಮೇಲೆ ಎಂದು ವಿವರಿಸಿದ ಮೇಲೂ ಅವರೇ ಬಕೀಟು ತುಂಬ ಬಾವಿನೀರಲ್ಲಿ ಜಾಲಿಸಿ, ನಾಲಗೆಗೆ ಹಚ್ಚಿ ನೋಡಿ, ಇನ್ನೊಂದು ಸಲ ಜಾಲಿಸಿ ಗೊಬ್ಬರಗುಂಡಿಗೆ ಹಾಕಿದರು.