ಡೆಟ್ರಾಯಿಟ್‌ನ ಹೆಬ್ಬಾಗಿಲು

ಅಮೆರಿಕದ ಡೆಟ್ರಾಯಿಟ್ ನಗರದ ನಡುಪೇಟೆಗೆ ಪಶ್ಚಿಮದಿಂದ ಹೋಗುವವರಿಗೆ ದೂರದಿಂದಲೇ ಕಾಣುವುದು ಹದಿನೆಂಟು ಅಂತಸ್ತಿನ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ. 1913ರಲ್ಲಿ ತೆರೆದ ಈ ಹೆಬ್ಬಾಗಿಲಿನಿಂದಲೇ ಕಾರು ಕಾರ್ಖಾನೆಗಳಲ್ಲಿ ಕೆಲಸ ಅರಸಿ ಸಾವಿರಾರು ಜನ ಊರು ಸೇರಿದರು. ಅದೇ ಕಾರುಗಳು ಹೆಚ್ಚಿದಂತೆ ರೈಲು ಸೊರಗಿತು. 1988ರಲ್ಲಿ ಕೊನೆಯ ಗಾಡಿ ಹೊರಟಿತು. ಪಾಳುಬಿದ್ದ ಕಟ್ಟಡದಲ್ಲಿ ಕಳ್ಳರು ಗಡಿಯಾರವನ್ನೂ ಬಿಡಲಿಲ್ಲ.

2009ರಲ್ಲಿ ನಗರಸಭೆ ಅದನ್ನು ಕೆಡವಲು ನಿರ್ಣಯಿಸಿದಾಗ ನಿವಾಸಿಯೊಬ್ಬರು ಕೋರ್ಟಿನ ಮೆಟ್ಟಿಲೇರಿದರು. ನಿಲ್ದಾಣ ಉಳಿಯಿತು. 2018ರಲ್ಲಿ ಫೋರ್ಡ್ ಕಾರು ಕಂಪನಿ ಅದನ್ನು ಕೊಂಡ ಸುದ್ದಿ ಹಬ್ಬುತ್ತಲೇ ಯಾರೋ ಹೆಸರು ಹೇಳದೆ ಆ ಗಡಿಯಾರವನ್ನು ಹಿಂದಿರುಗಿಸಿದರು! 2024ರಲ್ಲಿ ಬಾಗಿಲು ಮತ್ತೆ ತೆರೆದಾಗ ರೈಲು ಬರಲಿಲ್ಲ, ಆದರೆ ಊರಿಗೆ ಊರೇ ಬಂತು.

ನಿಮ್ಮೂರಿನ ಹೆಬ್ಬಾಗಿಲು ಯಾವುದು? ಮಕ್ಕಳೊಡನೆ ಒಮ್ಮೆ ನೋಡಿ ಬನ್ನಿ. ಜನ ಮರೆತ ಕಟ್ಟಡವೇ ಮೊದಲು ಬೀಳುವುದು.