ಗಾಲಿ ಬಿಸಿ ಆಗಿತ್ತು ನೋಡ್ರಿ

ಮಳಿಗಾಲ ಪೂರ್ತಿ ನಿಂತಿದ್ದ ಕಾರು ತಗೊಂಡು ಹುಬ್ಬಳ್ಳಿಯಿಂದ ಬರೂವಾಗ ಸುಟ್ಟ ವಾಸನಿ ಬಂತು. ಹಿಂದ ಅತ್ತಿಯವರು ಮೊಮ್ಮಗನ್ನ ತೊಡಿಮ್ಯಾಲೆ ಕೂಡಿಸ್ಕೊಂಡಿದ್ರು. ಇಳದು ನೋಡಿದ್ರ, ಮುಂದಿನ ಎಡಗಾಲಿ ಹತ್ರ ಕಾದ ಹಂಚಿನ ಝಳ!

ರವಿವಾರ ತಮ್ಮ ಬಂದು ಅಂಗಳದಾಗ ಗಾಲಿ ಬಿಚ್ಚಿದ. ಹಿಂದಿನ ಗಾಲಿಗೆ ನಾನ ಕಲ್ಲು ಕೊಟ್ಟೆ. ಕ್ಯಾಲಿಪರ್ ಜಾರೂ ಎರಡು ಪಿನ್ನಿನಾಗ ಒಂದು ತುಕ್ಕು ಹಿಡದು ಕಚ್ಕೊಂಡಿತ್ತು. ರಬ್ಬರ್ ಟೊಪ್ಪಿಗಿ ಹರದು ನೀರು ಹೊಕ್ಕಿತ್ತು. ಒಳಗಿನ ಪ್ಯಾಡು ಹೊರಗಿಂದಕ್ಕಿಂತ ಭಾಳ ಸವದಿತ್ತು. ಕ್ಯಾಲಿಪರ್ ತನ್ನ ಪೈಪಿಗೇ ಜೋತು ಬೀಳಬಾರದಂತ, ತಂತಿಲೆ ಕಟ್ಟಿಟ್ಟ.

ಪಿನ್ನು ತಿಕ್ಕಿದ್ದು ನಾನು. ಹೊಲಿಗಿ ಮಷಿನ್ನಿನ ಎಣ್ಣಿ ತಂದ್ರ, "ಅಕ್ಕಾ, ಅದರಿಂದ ರಬ್ಬರ್ ಉಬ್ಬತೈತಿ, ಒಳಗಿಡು" ಅಂದ. ಬ್ರೇಕಿಗಂತನ ಸಿಲಿಕಾನ್ ಗ್ರೀಸ್ ಬ್ಯಾರೆ ಇರತೈತಿ. ಹೊಸಾ ಟೊಪ್ಪಿಗಿ ಹಾಕಿ, ಪಿಸ್ಟನ್ ಒಳಗ ಒತ್ತಿ, ಎರಡೂ ಕಡೆ ಹೊಸಾ ಪ್ಯಾಡು ಕೂಡಿಸಿದ.

ಜೋಡಿಸಿದ ಮ್ಯಾಲೆ ನಾ ಬ್ರೇಕ್ ತುಳದ್ರ ತಳಕ್ಕ ಹೋತ್ರಿ! ಎದಿ ಧಸಕ್ ಅಂತು. ನಾಕೈದು ಸಲ ತುಳದ ಮ್ಯಾಲೆ ಗಟ್ಟಿ ಆತು. ಹಂಗ ತುಳೀಲಾರದ ಗಾಡಿ ಹೊಂಡಿಸಿದ್ರ ಮುಂದಿನ ಗ್ವಾಡಿಗೇ ನಿಲ್ತಿತ್ತು.

ಸಂಜಿಗೆ ಒಂದು ಸುತ್ತು ಹೋಗಿ ಬಂದ್ವಿ. ಎರಡೂ ಗಾಲಿ ಒಂದ ಸಮ ಬೆಚ್ಚಗಿದ್ದು. ಅತ್ತಿಯವರು ಮಾತ್ರ ಇನ್ನೂ ಬಸ್ಸಿಗೇ ಹೋಗ್ತೀನಿ ಅಂತಾರ.